ಕೊನೆಯ ಅಂಕ ನೋಡದ ಮಾವ

ನಮ್ಮ ಸೋದರಮಾವನಷ್ಟು ಟೆನಿಸ್ ನೋಡಿದವರು ಪೀಣ್ಯದ ಆಸುಪಾಸಿನಲ್ಲಿ ಇನ್ನೊಬ್ಬರಿಲ್ಲ. ಹಾಗೆಯೇ, ತಮ್ಮ ಮೆಚ್ಚಿನ ಹುಡುಗ ಗೆದ್ದದ್ದನ್ನು ಒಮ್ಮೆಯೂ ಕಣ್ಣಾರೆ ನೋಡದವರು ಜಗತ್ತಿನಲ್ಲೇ ಇನ್ನೊಬ್ಬರಿಲ್ಲ! ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನೂ ನಗುತ್ತಿದ್ದೆ. ಅತ್ತೆ ಹೋದ ಮೇಲೆ ಆ ನಗು ಅರ್ಧಕ್ಕೇ ನಿಲ್ಲುತ್ತದೆ. ಆದರೂ ಹೇಳುತ್ತೇನೆ. ಮಾವನ ಕತೆಯನ್ನು ಅಳುಮೋರೆ ಹಾಕಿಕೊಂಡು ಹೇಳಿದರೆ ಅತ್ತೆ ಇದ್ದಲ್ಲಿಂದಲೇ ಬೈದಾರು.

ಮಾವ ರಾಜಗೋಪಾಲನಗರದ ವಠಾರವೊಂದರಲ್ಲಿದ್ದುಕೊಂಡು, ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸಿ ನಿವೃತ್ತರಾದವರು. ಟೆನಿಸ್ ರಾಕೆಟ್ಟನ್ನು ಕೈಯಲ್ಲಿ ಹಿಡಿದವರಲ್ಲ. ಆಟ ಮನೆಗೆ ಬಂದದ್ದು ರಿಮೋಟಿನ ಕೃಪೆಯಿಂದ. ಅದರ ಗುಂಡಿಗಳು ಒಂದು ದಿನ ಕೈಕೊಟ್ಟು, ಟಿವಿ ಟೆನಿಸ್ ಚಾನೆಲ್ಲಿನಲ್ಲೇ ನಿಂತುಬಿಟ್ಟಿತು. ಕಾರ್ಖಾನೆಯ ಯಂತ್ರಗಳನ್ನೆಲ್ಲ ಸರಿಮಾಡುವ ಮಹಾನುಭಾವರಿಗೆ ಮನೆಯ ರಿಮೋಟ್ ಸರಿಮಾಡಲು ಪುರುಸೊತ್ತಿಲ್ಲ! ಧಾರಾವಾಹಿ ತಪ್ಪಿದ ಸಿಟ್ಟಿಗೆ ಅತ್ತೆ ವಾರಗಟ್ಟಲೆ ಉಪ್ಪು ಕಡಿಮೆ ಹಾಕಿ ಸಾರು ಮಾಡಿದರು. ಮಾವನಿಗೆ ಅದು ಗೊತ್ತಾಗಲೂ ಇಲ್ಲ. ಅಷ್ಟರಲ್ಲಿ ಹುಚ್ಚು ಹಿಡಿದಾಗಿತ್ತು.

ಆ ಹುಚ್ಚಿಗೂ ಒಂದು ನಿಯಮವಿತ್ತು. ಹೆಸರಾಂತ ಆಟಗಾರರ ಕಡೆಗೆ ಮಾವ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಎಲ್ಲಿಂದಲೋ ಬಂದು ಮೊದಲ ಸುತ್ತಿನಲ್ಲೇ ಹುಲಿಯ ಬಾಯಿಗೆ ಸಿಕ್ಕ ಹುಡುಗನೇ ಇವರವನು. ವಿದೇಶಿ ಹೆಸರುಗಳು ನಾಲಿಗೆಯಲ್ಲಿ ಹೊರಳದ್ದರಿಂದ ನಾಮಕರಣವೂ ಇವರದೇ: ಕೆಂಪು ಟೋಪಿ, ಉದ್ದ ಕತ್ತು, ಜುಟ್ಟಿನವನು. ಉದ್ದ ಕತ್ತಿನವನು ಮಹಾರಥಿಯೊಬ್ಬನನ್ನು ಮಣ್ಣಿನಂಗಳದಲ್ಲಿ ಕೆಡವಿದ ದಿನ ಇಡೀ ವಠಾರಕ್ಕೆ ಕಾಫಿಯಾಯಿತು. ಅದೇ ಹುಡುಗ ಮುಂದೆ ಕಪ್ಪಿನ ಮೇಲೆ ಕಪ್ಪು ಗೆಲ್ಲತೊಡಗಿದ. ಮಾವ ಅವನನ್ನು ಕೈಬಿಟ್ಟರು.

"ಯಾಕ್ ಮಾವ, ಅವನು ನಿಮ್ಮ ಹುಡುಗ ಅಲ್ವಾ?" ಎಂದೆ.

"ಈಗ ಅವನ್ಗೆ ಬೇಜಾನ್ ಜನ ಅವ್ರೆ ಕಣಮ್ಮ. ನಾನ್ಯಾಕೆ? ಆ ಕಡೆ ನಿಂತವ್ನಲ್ಲ ಪಾಪ, ಅವನ್ಗೆ ಯಾರವ್ರೆ?"

ಇನ್ನು ಕೊನೆಯ ಅಂಕದ ವಿಷಯ. ಮಾವನ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತಂತೆ. ಲೇತಿನ ಮೇಲೆ ಕೊನೆಯ ಸಲ ಲೋಹವನ್ನು ಕೆರೆದು ನುಣುಪು ಮಾಡುವುದಕ್ಕೆ ಫಿನಿಶಿಂಗ್ ಕಟ್ ಎನ್ನುತ್ತಾರೆ. ಒಬ್ಬರು ಅದನ್ನು ಮಾಡುವಾಗ ಮಿಕ್ಕವರು ದೂರ ಸರಿದು, ಬೆನ್ನು ತಿರುಗಿಸಿ ನಿಲ್ಲಬೇಕು. ದಿಟ್ಟಿಸಿದರೆ ಕೈ ನಡುಗುತ್ತದೆ, ದಿನವಿಡೀ ಮಾಡಿದ ಕೆಲಸ ಹಾಳು. ಮಾವ ಈ ಶಾಸ್ತ್ರವನ್ನು ಟೆನಿಸ್ಸಿಗೂ ಅಂಟಿಸಿದರು! ತಮ್ಮ ಹುಡುಗನಿಗೆ ಗೆಲ್ಲಲು ಇನ್ನೊಂದೇ ಅಂಕ ಬೇಕು ಎನ್ನುವಾಗ ಎದ್ದು, ಚಪ್ಪಲಿ ಮೆಟ್ಟಿ, ಬೀದಿಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಸಾವಿರಾರು ಮೈಲಿ ಆಚೆ ಆಡುವವನ ಕೈ ರಾಜಗೋಪಾಲನಗರದ ದೃಷ್ಟಿಗೆ ನಡುಗೀತೇ? ಕೇಳುವ ಧೈರ್ಯ ಯಾರಿಗಿತ್ತು! ವಠಾರದವರಂತೂ ಇವರ ಬೆನ್ನು ನೋಡಿಯೇ, "ಅಂಕಲ್ ಹೊರಗ್ ಬಂದ್ರು, ಯಾರೋ ಗೆಲ್ಲಂಗವ್ರೆ" ಎನ್ನುತ್ತಿದ್ದರು.

ಹಾಗಾಗಿ ಕೊನೆಯ ಅಂಕ ನೋಡಿ ಹೇಳುವ ಕೆಲಸ ಅತ್ತೆಯದಾಯಿತು. ಮೊದಲ ಸಲ ಮಾವ ಹೊರಗಿನಿಂದ "ಏನಾಯ್ತೇ?" ಎಂದು ಕೂಗಿದಾಗ ಅತ್ತೆ, "ಅಯ್ಯೋ, ನಿಮ್ಮುಡ್ಗ ಬಿದ್ದೋದ ಕಣ್ರೀ! ಅಳ್ತಾವ್ನೆ!" ಎಂದರು. ಮಾವ ಮೆಟ್ಟಿಲ ಮೇಲೆ ಕುಸಿದು ಕುಳಿತವರು ಊಟಕ್ಕೂ ಏಳಲಿಲ್ಲ. ಪಕ್ಕದ ಮನೆಯವರು ಫೋನ್ ನೋಡಿ, "ಅಂಕಲ್, ಗೆದ್ದಿರೋದು ನಿಮ್ಮವನೇ" ಎಂದಾಗ ಅತ್ತೆಯ ಮೇಲೆ ಎಗರಿದರು.

"ಗೆದ್ದವ್ನು ಯಾಕೇ ಅಳ್ತಾನೆ?"

"ನಂಗೇನ್ ಗೊತ್ತು? ಸೋತವ್ನು ಸುಮ್ಕೆ ಬ್ಯಾಗ್ ಎತ್ಕೊಂಡ್ ಓದ. ಗೆದ್ದವ್ನು ನೆಲದ್ ಮ್ಯಾಲೆ ಬಿದ್ಕೊಂಡ್ ಅತ್ತ. ನಿಮ್ಮಾಟನೇ ಇಂಗೆ!"

ಅಂದಿನಿಂದ ಆ ಮನೆಯಲ್ಲಿ ಅಳು ಎಂದರೆ ಗೆಲುವು. ಅತ್ತೆ "ಅಳ್ತಾವ್ನೆ!" ಎಂದು ಕೂಗಿ, ಕಿಟಕಿಯ ಸರಳುಗಳ ನಡುವೆ ಕೈ ಹಾಕಿ ಒಂದು ಚೂರು ಬೆಲ್ಲ ಕೊಡುತ್ತಿದ್ದರು. ಮಾವ ಅದನ್ನು ಬಾಯಿಗೆ ಹಾಕಿಕೊಂಡೇ ಒಳಗೆ ಬರುತ್ತಿದ್ದರು.

ಕಳೆದ ವರ್ಷ ಅತ್ತೆಯ ಎದೆಗೆ ಆಪರೇಷನ್ ಆಯಿತು. ಆಮೇಲೆ ಜ್ವರ ಏರಿತು. ಇವತ್ತೊಂದು ದಿನ ದಾಟಿದರೆ ಬದುಕಿಕೊಳ್ಳುತ್ತಾರೆ ಎಂದು ಡಾಕ್ಟರು ಬೆಳಿಗ್ಗೆ ಹೇಳಿದರು. ಕೇಳಿದ್ದೇ ತಡ, ಮಾವ ಎದ್ದು ಹೋಗಿ ಆಸ್ಪತ್ರೆಯ ಗೇಟಿನ ಹೊರಗೆ ಎಳನೀರು ಗಾಡಿಯ ಪಕ್ಕ ಬೆನ್ನು ತಿರುಗಿಸಿ ನಿಂತರು. ನೆಂಟರೆಲ್ಲ ಸಿಡಿಮಿಡಿಗೊಂಡರು. ಎಂಥ ಕಲ್ಲೆದೆಯವನಪ್ಪಾ ಎಂದರು. ನಾನು ಓಡಿದೆ.

"ಮಾವ, ಒಂದ್ಸಲ ಒಳಗ್ ಬನ್ನಿ. ಅತ್ತೆ ಕಣ್ ಬಿಟ್ಟಿದಾರೆ."

"ಬ್ಯಾಡ ಕಣಮ್ಮ. ಇದು ಫಿನಿಶಿಂಗ್ ಕಟ್ಟು. ನಾನ್ ನೋಡ್ಬಾರ್ದು. ನೀನ್ ಓಗು, ನೀನ್ ಓಗು."

ಮತ್ತೆ ರಸ್ತೆಯ ಕಡೆಗೆ ಮುಖ ತಿರುಗಿಸಿದರು. ನಾನೊಬ್ಬಳೇ ಒಳಗೆ ಹೋದೆ.

"ನಿಮ್ಮಾವ ಎಲ್ಲವ್ರೆ?" ಎಂದರು ಅತ್ತೆ. ದನಿ ನೂಲಿನೆಳೆಯಷ್ಟಾಗಿತ್ತು.

"ಹೊರಗೆ. ಗೇಟ್ ಹತ್ರ ನಿಂತಿದಾರೆ."

ಅತ್ತೆಯ ಒಣಗಿದ ತುಟಿಯಲ್ಲಿ ನಗು ಬಂತು. "ಒರಗವ್ರಾ? ಅಂಗಾದ್ರೆ ನಾನ್ ಗೆಲ್ಲಂಗಿವ್ನಿ ಅನ್ನು."

ಮಧ್ಯಾಹ್ನ ಅತ್ತೆ ಹೋಗಿಬಿಟ್ಟರು.

ಹೇಳಬೇಕಾದವಳು ನಾನೇ. ಗೇಟಿನವರೆಗೆ ಹೇಗೆ ನಡೆದೆನೋ ತಿಳಿಯದು, ಬಿಕ್ಕಿಬಿಕ್ಕಿ ಅಳುತ್ತಿದ್ದೆ. ಮಾವ ತಿರುಗಿದರು. ನನ್ನ ಕಣ್ಣೀರು ಕಂಡದ್ದೇ ಅವರ ಮುಖ ಅರಳಿತು. ಬೆಲ್ಲಕ್ಕೆ ಚಾಚುವ ಹಾಗೆ ಅಂಗೈ ಮುಂದೆ ಬಂತು. ಆಮೇಲೆ ಅವರಿಗೆ ಅರ್ಥವಾಯಿತು. ಆ ಅಂಗೈಯನ್ನು ನಾನು ಸಾಯುವ ತನಕ ಮರೆಯಲಾರೆ.

ತಿಂಗಳುಗಟ್ಟಲೆ ಟಿವಿಗೆ ಬಟ್ಟೆ ಹೊದಿಸಿಟ್ಟಿದ್ದರು. ಮೊನ್ನೆ ಒಂದು ಸಂಜೆ ಹೋದಾಗ ಅದು ಓಡುತ್ತಿತ್ತು. ಯಾರೋ ಹೊಸ ಹುಡುಗ, ಮೀಸೆ ಕೂಡ ಸರಿಯಾಗಿ ಬಂದಿಲ್ಲ, ಎದುರಿಗೆ ಮಹಾ ಚಾಂಪಿಯನ್. ಮಾವ ಅವನಿಗಿನ್ನೂ ಹೆಸರಿಟ್ಟಿರಲಿಲ್ಲ. ಇನ್ನೊಂದೇ ಅಂಕ ಎನ್ನುವಾಗ ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನು ಅತ್ತೆ ಕೂರುತ್ತಿದ್ದ ಚಾಪೆಯ ಮೇಲೆ ಕುಳಿತೆ. ಚಾಂಪಿಯನ್ ಹೊಡೆದ ಚೆಂಡು ಗೆರೆಯಾಚೆ ಬಿತ್ತು. ಹುಡುಗ ನೆಲದ ಮೇಲೆ ಉರುಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಏನಾಯ್ತೇ?"

ಅತ್ತೆಯನ್ನು ಕೂಗುತ್ತಿದ್ದ ಅದೇ ದನಿ. ಕೂಗಿದ ಮೇಲೆ ಅವರಿಗೂ ನೆನಪಾಗಿರಬೇಕು.

ನಾನು ಉಸಿರೆಳೆದುಕೊಂಡು ಕೂಗಿದೆ: "ನಿಮ್ಮುಡ್ಗ ಬಿದ್ದೋದ ಕಣ್ರೀ! ಅಳ್ತಾವ್ನೆ!"

ಅಡುಗೆಮನೆಯ ಡಬ್ಬಿಯಲ್ಲಿ ಅತ್ತೆ ಒಡೆದಿಟ್ಟಿದ್ದ ಬೆಲ್ಲ ಇನ್ನೂ ಉಳಿದಿತ್ತು. ಒಂದು ಚೂರು ತಂದು ಸರಳುಗಳ ನಡುವೆ ಕೈ ಚಾಚಿದೆ. ತುಸು ಹೊತ್ತಿನ ಮೇಲೆ ಕತ್ತಲಿನಿಂದ ಆ ಒರಟು ಅಂಗೈ ಬಂದು ಬೆಲ್ಲ ತೆಗೆದುಕೊಂಡಿತು. ನನ್ನ ಬೆರಳುಗಳನ್ನು ಮಾತ್ರ ಬಿಡಲಿಲ್ಲ.