ಕುಂಕುಮ ಕೊಟ್ಟು ಕರೆದ ಕಂಪ್ಯೂಟರ್ ಬಳಗ

ಪುಕ್ಕಟೆ ಕೊಡುತ್ತೇವೆ ಎಂದರೂ ಜನ ಬಾರದಿರುವುದು ಸಾಧ್ಯ ಎಂದು ಗೊತ್ತಾದ ದಿನ ನನಗಾದ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಕೋಲಾರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಮುಕ್ತ ತಂತ್ರಾಂಶದ ಹುಚ್ಚು. ಯಾರು ಬೇಕಾದರೂ ಪಡೆಯಬಹುದಾದ, ಒಳಗೆ ಹೇಗಿದೆ ಎಂದು ಬಿಚ್ಚಿ ನೋಡಬಹುದಾದ, ತಿದ್ದಿ ಪಕ್ಕದವರಿಗೂ ಹಂಚಬಹುದಾದ ತಂತ್ರಾಂಶ ಅದು. ಅದನ್ನು ಬಳಸುವವರು ಊರೂರಲ್ಲಿ ಬಳಗ ಕಟ್ಟಿಕೊಂಡು, ತಿಂಗಳಿಗೊಮ್ಮೆ ಸೇರಿ, ಒಬ್ಬರ ಕಂಪ್ಯೂಟರಿನ ಕಾಯಿಲೆಗೆ ಇನ್ನೊಬ್ಬರು ಮದ್ದು ಹೇಳುತ್ತಾರೆ. ನಮ್ಮ ಕಡೆಗೂ ಅಂಥದೊಂದು ಬಳಗ ಬೇಕೆಂದು ವಾಟ್ಸಾಪ್‌ನಲ್ಲಿ ಸಾರಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆಯಿಂದಲೂ ಹೆಬ್ಬೆರಳುಗಳು ಎದ್ದವು. ಭಾನುವಾರ ಕಾಲೇಜಿನ ಕೋಣೆಯಲ್ಲಿ ಕುರ್ಚಿ ಜೋಡಿಸಿ ಕೂತೆ. ಬಂದದ್ದು ಕಾವಲುಗಾರ ಒಬ್ಬನೇ, ಅದೂ ಫ್ಯಾನ್ ಆರಿಸುವುದಕ್ಕೆ. ಮುಂದಿನ ತಿಂಗಳೂ ಅದೇ ಕಥೆಯಾಯಿತು.

ಬೆಂಗಳೂರಿನ ಬಳಗದವರು ಫೋನ್ ಮಾಡಿ, "ಈ ಸಲ ನಾವೇ ಬಂದು ನೋಡ್ತೀವಿ ಸಾರ್. ಜನ ಸೇರದಿದ್ರೆ ನಿಮ್ಮನ್ನ ನಮ್ಮ ಬಳಗಕ್ಕೇ ಸೇರಿಸ್ಕೊಂಡ್ಬಿಡ್ತೀವಿ" ಎಂದರು. ಮದುವೆ ಜವಳಿಗೆ ಬೆಂಗಳೂರು, ಜ್ವರ ಜೋರಾದರೆ ಬೆಂಗಳೂರು. ಪುಕ್ಕಟೆ ತಂತ್ರಾಂಶಕ್ಕೂ ಅಲ್ಲಿಗೇ ಬಸ್ಸು ಹತ್ತಬೇಕೇ? ಸಿಟ್ಟಿನಿಂದ ಮುಳಬಾಗಿಲಿನ ವೆಂಕಟರಮಣಪ್ಪನವರಿಗೆ ಫೋನ್ ಮಾಡಿದೆ. ಡಿಟಿಪಿ ಅಂಗಡಿ ಇಟ್ಟಿರುವ ಅವರದೇ ಎಲ್ಲರಿಗಿಂತ ಮೊದಲು ಎದ್ದ ಹೆಬ್ಬೆರಳು.

"ಏನ್ ಸ್ವಾಮಿ, ಬರ್ತೀನಿ ಅಂದು ಬರಲೇ ಇಲ್ಲವಲ್ಲ?"

"ನೀವು ಕರೀಲೇ ಇಲ್ವಲ್ಲ ಸಾರ್."

"ಗ್ರೂಪಲ್ಲಿ ಮೆಸೇಜ್ ಹಾಕಿದ್ದೆನಲ್ಲ!"

"ಅದು ಎಲ್ರಿಗೂ ಹಾಕಿದ್ದಲ್ವಾ ಸಾರ್? ನನ್ನ ಕರೆದಂಗೆ ಹೆಂಗಾಗ್ತದೆ? ಕರೀದೆ ಬಂದ ಅಂತ ನಾಳೆ ಯಾರೂ ಆಡ್ಕೋಬಾರ್ದು ನೋಡಿ."

ಫೋನ್ ಇಟ್ಟು ಇದನ್ನು ಹೇಳಿದರೆ ನನ್ನ ಹೆಂಡತಿ ನಾಗರತ್ನ, "ಸರಿಯಾಗೇ ಹೇಳಿದ್ದಾರೆ. ಮನೆಗೆ ಹೋಗಿ ಕರೀಬೇಕು" ಎಂದಳು. "ಇದು ಕಂಪ್ಯೂಟರ್ ಕಣೇ, ನಾಮಕರಣ ಅಲ್ಲ" ಎಂದೆ. "ಬರೋರು ಮನುಷ್ಯರೇ ಅಲ್ವೇನ್ರೀ?" ಎಂದವಳೇ ಕುಂಕುಮದ ಭರಣಿ, ಅಕ್ಷತೆ ಹಿಡಿದು ಹೊರಟೇಬಿಟ್ಟಳು. ನಾನು ನಾಚಿಕೆಯಿಂದ ಪ್ರತಿ ಮನೆಯ ಗೇಟಿನ ಹತ್ತಿರವೇ ಉಳಿದೆ. ಮಾಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಜಬೀವುಲ್ಲಾನ ಮನೆಯಲ್ಲಿ ಅವನ ತಾಯಿಯ ಕೈಗೆ ಕಲ್ಲುಸಕ್ಕರೆ ಕೊಟ್ಟು, "ಅಮ್ಮೀ, ನೀವೂ ಬರ್ಲೇಬೇಕು" ಎಂದು ಉಪಚಾರ ಹೇಳಿ, ಚಹಾ ಕುಡಿದು ಬಂದಳು. ದಾರಿಯುದ್ದಕ್ಕೂ ನಾನು ಗೊಣಗಿದ್ದೇ ಗೊಣಗಿದ್ದು. ಇಷ್ಟು ಬಿಗುಮಾನದ ಜನ ಉದ್ಧಾರವಾಗುವುದುಂಟೇ ಎಂದು ಬಸ್ಸಿನಲ್ಲಿ ಪಕ್ಕದವರಿಗೂ ಕೇಳಿಸುವಂತೆ ಹೇಳಿದೆ.

ಭಾನುವಾರ ಕೋಣೆಯ ಬಾಗಿಲಲ್ಲಿ ನಿಂತವನು ನಿಂತಲ್ಲೇ ಕಲ್ಲಾದೆ. ರೇಷ್ಮೆ ಸೀರೆಗಳು, ಮಲ್ಲಿಗೆ ಹೂವು, ಅಜ್ಜಿಯರು, ಕಂಕುಳಲ್ಲಿ ಮಕ್ಕಳು! ಟೀ ಶರ್ಟು ತೊಟ್ಟು ಬಂದಿದ್ದ ಬೆಂಗಳೂರಿನವರಿಗೆ ಕೂರಲು ಕುರ್ಚಿಯಿಲ್ಲ. ಒಬ್ಬ ಅಜ್ಜಿ ನನ್ನನ್ನು ಕರೆದು, "ಮಗು ಎಲ್ಲಪ್ಪಾ?" ಎಂದು ವಿಚಾರಿಸಿದರು. ಆದರೆ ಕೆಲಸವೂ ನಡೆಯಿತು. ಯಾರೋ ತಂದಿದ್ದ, ಸತ್ತೇಹೋಗಿದ್ದ ಲ್ಯಾಪ್‌ಟಾಪಿಗೆ ಜಬೀವುಲ್ಲಾ ಜೀವ ಕೊಟ್ಟ. ವೆಂಕಟರಮಣಪ್ಪ ಪುಕ್ಕಟೆ ಕನ್ನಡ ಫಾಂಟುಗಳನ್ನು ಎಲ್ಲರ ಕಂಪ್ಯೂಟರಿಗೂ ಹಾಕಿಕೊಟ್ಟರು. ನಾಗರತ್ನ ಮಾಡಿಸಿದ್ದ ಚಿತ್ರಾನ್ನ ತಿನ್ನುತ್ತಾ ಬೆಂಗಳೂರಿನವರು, "ಇಂಥ ಬಳಗ ನಮ್ಮಲ್ಲೇ ಇಲ್ಲ ಸಾರ್" ಎಂದರು. ಕೋಲಾರದ ಮಾನ ಉಳಿಯಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಆಗ ವೆಂಕಟರಮಣಪ್ಪ ಎದ್ದು, "ಅಧ್ಯಕ್ಷರು ಯಾರು ಸಾರ್?" ಎಂದರು. ಇಂಥ ಪ್ರಶ್ನೆಗೇ ಕಾಯುತ್ತಿದ್ದ ನಾನು, ನಮ್ಮಲ್ಲಿ ಅಧ್ಯಕ್ಷ, ಕಾರ್ಯದರ್ಶಿ ಎಂಬ ಪೀಠಗಳಿಲ್ಲ, ಯಾರು ಮುಂದೆ ನಿಂತು ಕೆಲಸ ಮಾಡುತ್ತಾರೋ ಅವರ ಮಾತು ನಡೆಯುತ್ತದೆ, ಮುಕ್ತ ತಂತ್ರಾಂಶದ ಸೊಗಸೇ ಅದು ಎಂದು ಭಾಷಣ ಬಿಗಿದು, ಚಪ್ಪಾಳೆಗಾಗಿ ವಿನಯದಿಂದ ತಲೆ ತಗ್ಗಿಸಿದೆ.

"ಹಂಗಾದ್ರೆ ಅಕ್ಕನೇ ಅಲ್ವಾ ಸಾರ್?" ಎಂದ ಜಬೀವುಲ್ಲಾ. "ಮನೆಗೆ ಬಂದು ಕರೆದಿದ್ದು ಅಕ್ಕ. ನೀವು ಗೇಟ್ ತಾವ ನಿಂತಿದ್ರಿ."

ಚಪ್ಪಾಳೆ ಬಿತ್ತು. ನಾನು ಗರಬಡಿದವನಂತೆ ನಿಂತು, ಬೇರೆ ದಾರಿ ಕಾಣದೆ ನಾನೂ ತಟ್ಟಿದೆ. ಅಕ್ಕ ಅಲ್ಲೇ ಎದ್ದು ಮುಂದಿನ ಸಭೆ ಶ್ರೀನಿವಾಸಪುರದ ತನ್ನ ತವರಿನ ಮಾವಿನ ತೋಪಿನಲ್ಲಿ ಎಂದು ತೀರ್ಪು ಕೊಟ್ಟಳು.

ಆ ತಿಂಗಳೆಲ್ಲ ಭರಣಿ ಹಿಡಿದು ಊರೂರು ಸುತ್ತಿದಳು. ಸಭೆಯ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಿಗ್ಗೆಯಿಂದ ಪೇಪರಿನ ಒಂದೇ ಪುಟ ನೋಡುತ್ತಾ ಕೂತಿದ್ದೆ.

"ಹೊರಡಲ್ವೇನ್ರೀ?"

"ಎಲ್ಲಿಗೆ?"

"ಗ್ರೂಪ್‌ನಾಗೆ ಹಾಕಿದ್ನಲ್ಲ, ನೋಡ್ಲಿಲ್ವಾ?"

"ಅದು ಎಲ್ಲರಿಗೂ ಹಾಕಿದ್ದು" ಎಂದೆ.

ಅಂದದ್ದು ನಾನೇ ಎಂದು ಅರಿವಾಗಿ ನನಗೇ ದಿಗಿಲಾಯಿತು. ನಾಗರತ್ನ ನನ್ನನ್ನೊಮ್ಮೆ ದಿಟ್ಟಿಸಿದಳು. ಒಳಗೆ ಹೋಗಿ ಭರಣಿ ತಂದು, ನನ್ನ ಹಣೆಗೆ ಕುಂಕುಮವಿಟ್ಟು, "ತಪ್ಪದೆ ಬರ್ಬೇಕು, ಮನೆಯವರನ್ನೂ ಕರ್ಕೊಂಡು" ಎಂದಳು.

"ನೋಡೋಣ, ಪ್ರಯತ್ನ ಮಾಡ್ತೀನಿ" ಎಂದು ಕಾಲರ್ ಸರಿಮಾಡಿಕೊಂಡು, ಅವಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿದೆ.