ಮಸ್ಕತ್ತಿನ ಕೂಸು, ಕೊಪ್ಪಳದ ತೊಟ್ಟಿಲು

ಕುಷ್ಟಗಿಯ ಹೈಸ್ಕೂಲಿನಲ್ಲಿ ಪೌರತ್ವದ ಪಾಠ ಹೇಳಿ ಹೇಳಿ ನಿವೃತ್ತರಾದ ದೊಡ್ಡಬಸಪ್ಪ ಮಾಸ್ತರರ ಸ್ವಂತ ಮೊಮ್ಮಗ, ಹುಟ್ಟಿ ಹನ್ನೊಂದು ತಿಂಗಳಾದರೂ ಯಾವ ದೇಶದ ಪ್ರಜೆಯೂ ಆಗದೆ ಮಸ್ಕತ್ತಿನಲ್ಲಿ ಅಂಬೆಗಾಲಿಡುತ್ತಿದ್ದ. ಇದಕ್ಕೆ ಎರಡು ಸರಕಾರಗಳಲ್ಲಿ ಯಾವುದೂ ಕಾರಣವಲ್ಲ. ಕಾರಣ, ಮಾಸ್ತರರ ಧರ್ಮಪತ್ನಿ ಪಾರ್ವತೆಮ್ಮ.

ಮಗ ರುದ್ರೇಶ ಗಂಗಾವತಿಯ ಅಕ್ಕಿಯನ್ನು ಅಲ್ಲಿ ಮಾರುವ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತಾನೆ. ಸೊಸೆ ಸುರೇಖಾ ಅಲ್ಲೇ ಹೆತ್ತಳು. ಹೊರದೇಶದಲ್ಲಿ ಹುಟ್ಟಿದ ಕೂಸಿನ ಜನನವನ್ನು ವರ್ಷ ತುಂಬುವುದರೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿದರೆ ಅಪ್ಪನ ಪೌರತ್ವ ಮಗನಿಗೆ ಬರುತ್ತದೆ. ತಪ್ಪಿದರೆ ದಿಲ್ಲಿಯ ಅಪ್ಪಣೆಗೆ ಕಾಯಬೇಕು. ನೋಂದಣಿಗೆ ಹೆಸರು ಬೇಕು. ಪಾರ್ವತೆಮ್ಮನ ಸಂವಿಧಾನದಲ್ಲಾದರೋ ಹೆಸರಿಡುವ ಹಕ್ಕು ಸೋದರತ್ತೆಯದು, ಅದೂ ತೊಟ್ಟಿಲಲ್ಲಿ, ಅದೂ ಕೊಪ್ಪಳದ ಮನೆಯಲ್ಲಿ. (ಈ ಸಂವಿಧಾನಕ್ಕೆ ತಿದ್ದುಪಡಿಯ ಅವಕಾಶವಿಲ್ಲ.) ರುದ್ರೇಶನ ರಜೆ ಮುಂದೆ ಮುಂದೆ ಹೋಗಿ, ಕೂಸು ಬರೀ 'ಕೂಸು' ಆಗಿಯೇ ಉಳಿದಿತ್ತು.

"ಅವ್ವಾ, ಸೋಮವಾರ ಕಚೇರಿಯಾಗ ನಮ್ಮ ಪಾಳಿ ಐತಿ. ಏನರ ಒಂದು ಹೆಸರು ಹೇಳಬೇ," ಎಂದು ರುದ್ರೇಶ ಫೋನಿನಲ್ಲಿ ಅಂಗಲಾಚಿದ.

"ಏನರ ಒಂದು ಹೆಸರಾ? ಎತ್ತಿಗೂ ನಾವು ವಿಚಾರ ಮಾಡಿ ಹೆಸರು ಇಡ್ತೀವಿ. ಕೂಸಿನ ಕರ್ಕೊಂಡು ಬಾ, ತೊಟ್ಟಿಲಾಗ ಹಾಕೂಣು."

"ಪಾಸ್‌ಪೋರ್ಟ್ ಇಲ್ದ ವಿಮಾನ ಹತ್ತಸಂಗಿಲ್ಲವ್ವಾ."

"ಪಾಸ್‌ಪೋರ್ಟ್ ಮಾಡ್ಸು."

"ನೋಂದಣಿ ಆಗ್ದ ಪಾಸ್‌ಪೋರ್ಟ್ ಕೊಡಂಗಿಲ್ಲ."

"ನೋಂದಣಿ ಮಾಡ್ಸು."

"ಅದಕ್ಕ ಹೆಸರು ಬೇಕು!"

"ಅದಕ್ಕ ಅನ್ನಾಕತ್ತೀನಿ, ಕೂಸಿನ ಕರ್ಕೊಂಡು ಬಾ."

ಮಾಸ್ತರರಿಗೆ ತಲೆ ಗಿರ್ರೆಂದಿತು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಹೆಸರು, ನೋಂದಣಿ, ಪಾಸ್‌ಪೋರ್ಟ್ ಎಂದು ಬರೆದು, ನಡುವೆ ಬಾಣಗಳನ್ನು ಹಾಕಿ ಹೊರದಾರಿ ಹುಡುಕಿದರು. ಎಲ್ಲ ಬಾಣಗಳೂ ತಿರುಗಿ ತಿರುಗಿ ಅಡುಗೆಮನೆಗೇ ಹೋಗಿ ನಿಂತವು. ಅಲ್ಲಿ ಪಾರ್ವತೆಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ವರ್ಷ ತುಂಬಿದ್ರ ಕೂಸು ಯಾವ ದೇಶದ್ದಾಗ್ತೈತ್ರಿ?" ಎಂದಳು, ತಿರುಗಿ ನೋಡದೆ.

"ಯಾವ ದೇಶದ್ದೂ ಅಲ್ಲ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಗಲೇ ಮಾಸ್ತರರಿಗೆ ಉಪಾಯ ಹೊಳೆದದ್ದು. ತೊಟ್ಟಿಲಿಗೆ ಕೂಸಿಗಿಂತ ಮೊದಲು ಗುಂಡುಕಲ್ಲು ಹಾಕಿ ತೂಗುವುದು ಅವರ ಮನೆಯ ಪದ್ಧತಿ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲೆಂದು.

"ಕಲ್ಲು ಇಲ್ಲೇ ಐತಿ. ತೊಟ್ಟಿಲೂ ಐತಿ. ಹೆಸರಿಡಾಕ ಸೋದರತ್ತಿ ಭವಾನಿ ತಳಕಲ್ಲ ಊರಿಂದ ಬರ್ತಾಳ. ಕೂಸು ಫೋನಿನ್ಯಾಗ ಬರ್ಲಿ! ಫೋನು ಬ್ಯಾಡ ಅಂತ ಯಾವ ಶಾಸ್ತ್ರದಾಗೂ ಬರದಿಲ್ಲ."

"ಬೇಕು ಅಂತನೂ ಬರದಿಲ್ಲ," ಎಂದಳು ಪಾರ್ವತೆಮ್ಮ. ಆದರೆ ಕೈ ತೊಳೆದುಕೊಂಡು ಗುಂಡುಕಲ್ಲಿಗೆ ಸ್ನಾನ ಮಾಡಿಸಲು ಹೋದಳು.

ಶುಕ್ರವಾರ ಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ದೃಷ್ಟಿಬೊಟ್ಟು ಇಟ್ಟು ಮಲಗಿಸಿದರು. ಕಲ್ಲಿಗೆ ಫೋನನ್ನು ಆನಿಸಿದರು. ಫೋನಿನಲ್ಲಿ ಕೂಸು. ಸೋದರತ್ತೆ ಭವಾನಿ ತೊಟ್ಟಿಲೊಳಗೆ ಬಗ್ಗಿ "ಕುರ್ರ್ರ್..." ಎಂದಳು. ಆಗ ಅವಳ ಬೆನ್ನಿಗೆ ಗುದ್ದುವುದು ಉಳಿದ ಹೆಂಗಸರ ಹಕ್ಕು. ಪಕ್ಕದ ಮನೆಯ ತಾಜಬೀ ಆ ಹಕ್ಕನ್ನು ಪೂರ್ತಿಯಾಗಿ ಚಲಾಯಿಸಿದಳು.

"ಸಾವಕಾಶ ಗುದ್ದಬೇ, ನಾ ತಿರುಗಿ ಬಸ್ಸಿನ್ಯಾಗ ಹೋಗಬೇಕು!" ಎಂದು ನರಳುತ್ತಲೇ ಭವಾನಿ ಹೆಸರನ್ನು ಪಿಸುಗುಟ್ಟಿದಳು. ಅದೇ ಕ್ಷಣಕ್ಕೆ ಮಸ್ಕತ್ತಿನ ಕೂಸು ತನ್ನ ಕಡೆಯ ಫೋನನ್ನು ಬಾಯಿಗೆ ಹಾಕಿಕೊಂಡಿತು. ಪರದೆಯ ತುಂಬ ಗುಲಾಬಿ ಬಣ್ಣದ ವಸಡು, ಎರಡು ಹಲ್ಲು, ಆಮೇಲೆ ಕತ್ತಲೆ. ಹೆಸರನ್ನು ಕೇಳಿಸಿಕೊಂಡದ್ದು ಕಲ್ಲು ಮಾತ್ರ.

"ಏನ್ ಇಟ್ಟೀ ಯವ್ವಾ?" ಎಂದರು ಮಾಸ್ತರರು.

"ದೊಡ್ಡಬಸಪ್ಪ."

ಅರಬರ ನಾಲಿಗೆಗೂ ಹೊರಳುವಂಥ ಪುಟ್ಟ ಹೆಸರೊಂದನ್ನು ನಿರೀಕ್ಷಿಸಿದ್ದ ಮಾಸ್ತರರು ಒಮ್ಮೆ ಮಗಳನ್ನು, ಒಮ್ಮೆ ಕಲ್ಲನ್ನು ನೋಡಿದರು. ಅವರ ಮನೆತನದಲ್ಲಿ ಹಿರಿಯರು ತೀರಿಕೊಂಡ ಮೇಲೆಯೇ ಅವರ ಹೆಸರು ಕೂಸಿಗೆ ಬರುವುದು.

"ನಾ ಇನ್ನೂ ಜೀವಂತ ಅದೀನಲ್ಲವ್ವಾ!"

"ನಿಂದಲ್ಲಪ್ಪಾ, ನಿಮ್ಮ ಮುತ್ಯಾಂದು. ನಿನಗ ಇಟ್ಟಿದ್ದೂ ಅವನ್ದ ಹೆಸರಲ್ಲ? ಇಷ್ಟು ದಿನ ನಿನ್ನ ಕಡೆ ಇತ್ತು, ಅಷ್ಟ."

"ಬ್ಯಾರೆ ಯಾವದರ..."

"ತೊಟ್ಟಿಲದಾಗ ಆತು, ಮುಗೀತು," ಎಂದು ಪಾರ್ವತೆಮ್ಮ ತೀರ್ಪು ಕೊಟ್ಟಳು.

ಸೋಮವಾರ ಮಧ್ಯಾಹ್ನ ಮಗನ ಸಂದೇಶ ಬಂತು: 'ದೊಡ್ಡಬಸಪ್ಪ ಭಾರತೀಯನಾದ.' ಓದಿದ ಮಾಸ್ತರರಿಗೆ ಕ್ಷಣಹೊತ್ತು, ಹಾಗಾದರೆ ನಿನ್ನೆಯವರೆಗೆ ತಾನು ಏನಾಗಿದ್ದೆ ಎಂಬುದೇ ತಿಳಿಯಲಿಲ್ಲ.

ತಾಜಬೀಗೆ ಬೇರೆಯ ಚಿಂತೆ. "ಅಕ್ಕಾರ, ಗಂಡನ ಹೆಸರು ನೀವು ಎಂದೂ ಬಾಯಿಲೆ ಅಂದವರಲ್ಲ. ಇನ್ನ ಮೊಮ್ಮಗನ್ನ ಹೆಂಗ ಕರೀತೀರಿ?"

"ಕೂಸು ನಂದು, ಹೆಸರು ಅದರದು. ಅದರಾಗ ಯಾರಪ್ಪಂದೇನೈತಿ?" ಎಂದಳು ಪಾರ್ವತೆಮ್ಮ. ಮದುವೆಯಾದಂದಿನಿಂದ ನಾಲಿಗೆಯ ಹಿಂದೆ ಕಟ್ಟಿಹಾಕಿದ್ದ ಹೆಸರು ಅಂದು ಸಂಜೆಯೇ ಬಿಡುಗಡೆಯಾಯಿತು.

ಅವಳು ಪಡಸಾಲೆಯಲ್ಲಿ ಮಸ್ಕತ್ತಿನ ಜೊತೆ ಮಾತಿಗೆ ಕುಳಿತಿದ್ದಳು. ಒಳಗೆ ಮಾಸ್ತರರು, ಡಾಕ್ಟರು ಬೇಡವೆಂದ ಬೆಲ್ಲದ ಉಂಡಿಯೊಂದನ್ನು ಸದ್ದಿಲ್ಲದೆ ಬಾಯಿಗೆ ಹಾಕಿಕೊಂಡಿದ್ದರು.

"ಏ ದೊಡ್ಡಬಸ್ಯಾ! ಬಾಯಾಗ ಏನ್ ಹಾಕ್ಕೊಂಡೀಯೋ? ಉಗುಳು ಮೊದಲ!"

ಮಾಸ್ತರರು ಅಂಗೈಗೆ ಉಗುಳಿ, ಹಾಗೆಯೇ ಎದ್ದು ನಿಂತರು. ಬಾಗಿಲಲ್ಲಿ ಇಣುಕಿದ ಪಾರ್ವತೆಮ್ಮ ಗಂಡನ ಮುಖವನ್ನೂ ಅಂಗೈಯನ್ನೂ ನೋಡಿದಳು.

"ನಾ ಕೂಸಿಗೆ ಅಂದಿದ್ದು," ಎಂದಳು. "ಅದು ಇನ್ನೂ ಉಗುಳಿಲ್ಲ. ನೀವು ಛಲೋ ಮಾಡಿದ್ರಿ."