ಮನೆ ಕೊಳ್ಳುವ ಮುನ್ನ ಒಂದು ಪಂಚೆ ಒಗೆಯಿರಿ

ಮನೆ ಕೊಳ್ಳುವುದರ ಬಗ್ಗೆ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಬಾಡಿಗೆ ಮನೆಯಲ್ಲಿರುತ್ತಾರೆ. ಕೊಂಡವರು ಸುಮ್ಮನಿರುತ್ತಾರೆ. ಕೊಂಡೂ ಸುಮ್ಮನಿರದವನು ನಾನೊಬ್ಬನೇ ಇರಬೇಕು. ದಾವಣಗೆರೆಯ ನಮ್ಮ ಕಚೇರಿಯಲ್ಲಿ ಯಾರು ಮನೆ ನೋಡಲು ಹೊರಟರೂ ಮೊದಲು ನನ್ನ ಮೇಜಿನ ಬಳಿ ಬರುತ್ತಾರೆ. ಬಾರದಿದ್ದರೆ ನಾನೇ ಅವರ ಮೇಜಿಗೆ ಹೋಗುತ್ತೇನೆ. ಮೂಲ ಪತ್ರ ಕೇಳಿ, ಋಣಭಾರ ಪತ್ರ ತೆಗೆಸಿ, ಕಂದಾಯದ ರಸೀದಿ ನೋಡಿ, ಟೇಪು ಹಿಡಿದು ನೀವೇ ಅಳೆಯಿರಿ ಎಂದೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, ಒಂದು ಬಿಳಿ ಪಂಚೆ ಮತ್ತು ಬಟ್ಟೆ ಸೋಪು ತೆಗೆದುಕೊಂಡು ಹೋಗಿ ಎನ್ನುತ್ತೇನೆ. ಅವರು ಬೆರಗಾಗಿ ನನ್ನ ಮುಖ ನೋಡುತ್ತಾರೆ. ಆ ನೋಟಕ್ಕಾಗಿಯೇ ನಾನು ಸಲಹೆ ಕೊಡುವುದು.

ಮನೆ ಕೊಳ್ಳುವ ಮುಂಚೆ ನಾವು ಹರಿಹರದ ಒಂದು ವಠಾರದಲ್ಲಿದ್ದೆವು. ತುಂಗಭದ್ರೆ ಹತ್ತಿರದಲ್ಲೇ ಹರಿಯುತ್ತಿದ್ದಳು. ನಮ್ಮ ಪಾಲಿಗೆ ಬಂದದ್ದು ಕೈಪಂಪಿನ ಸವಳು ನೀರು. ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ, ನನ್ನ ತಲೆಗೂದಲು ತೆಂಗಿನ ನಾರಿನಂತೆ ನೆಟ್ಟಗೆ ನಿಂತಿರುತ್ತಿತ್ತು. ಇನ್ನೊಂದು ಬೇಸಿಗೆಯನ್ನು ಈ ನೀರಿನಲ್ಲಿ ಕಳೆಯುವುದಾದರೆ ಲೋಕಿಕೆರೆಯ ತವರಿಗೆ ಹೋಗಿ ಕೂರುತ್ತೇನೆಂದು ನನ್ನ ಹೆಂಡತಿ ಗಿರಿಜಾ ಹೇಳಿದ್ದಳು. ಜೋರು ಮಾಡಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಬೇಯದ ಬೇಳೆಯನ್ನು ಸೌಟಿನಲ್ಲಿ ಅರೆಯುತ್ತಾ ತಣ್ಣಗೆ ಹೇಳಿದಳು.

ಆಗ ಸಿಕ್ಕಿದ್ದು ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಮಗ್ಗುಲಲ್ಲಿದ್ದ ಖಲೀಲ್ ಸಾಬರ ಮನೆ. ಸಾಬರು ತಗಡಿನ ಟ್ರಂಕು ಮಾಡುವವರು. ಮಗನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸವಾಗಿತ್ತು. ನಾವು ಬಿಟ್ಟೋಡಲು ಹೊರಟ ಊರಿಗೆ ಅವರು ಸಂಸಾರ ಸಾಗಿಸುತ್ತಿದ್ದರು. ಕಾಗದಪತ್ರಗಳನ್ನು ನಾನು ವಕೀಲನಂತೆ ನೋಡಿದೆ, ಗೋಡೆಗಳನ್ನು ವೈದ್ಯನಂತೆ ತಟ್ಟಿದೆ. ಎಲ್ಲ ಸರಿಯಿತ್ತು. ಸಾಬರು ಬೆಲೆಯಲ್ಲಿ ಮಾತ್ರ ಜಗ್ಗಲಿಲ್ಲ.

ಮುಂದಿನ ಸಲ ಹೋದಾಗ ಗಿರಿಜಾ ಚೀಲದಿಂದ ನನ್ನ ಬಿಳಿ ಪಂಚೆ ತೆಗೆದು, ಹಿತ್ತಿಲಿನ ಬಾವಿಯ ನೀರಿನಲ್ಲಿ ಒಗೆದುಕೊಳ್ಳಲೇ ಎಂದು ಕೇಳಿದಳು. ನಾನು ನಾಚಿಕೆಯಿಂದ ಗೋಡೆ ಕಡೆ ತಿರುಗಿದೆ. ಅದಕ್ಕೇನಂತೆ ಎಂದು ಸಾಬರೇ ಹಗ್ಗ, ಕೊಡ ತೆಗೆದುಕೊಟ್ಟರು. ಆಕೆ ಕೊಡದ ಮೇಲೆ ಕೊಡ ಸೇದಿ, ಹಬ್ಬದ ಬಟ್ಟೆ ಎನ್ನುವಂತೆ ಆ ಒಂದು ಪಂಚೆಯನ್ನು ಒಗೆದು ತಂತಿಗೆ ಹರವಿದಳು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಭಟ್ಟಿಯ ಕಡೆಯಿಂದ ಗಾಳಿ ಬೀಸಿ, ಪಂಚೆಯ ಮೇಲೆ ಎಳ್ಳು ಚೆಲ್ಲಿದಂತೆ ಮಸಿ ಕೂತಿತ್ತು.

ಓಹೋ, ಇವಳು ಹೊಗೆ ಪರೀಕ್ಷೆ ಮಾಡಿದಳು ಎಂದು ಆಗ ನನಗೆ ಹೊಳೆಯಿತು. ಮನೆ ಕೈತಪ್ಪಿತು, ಇನ್ನು ನಾನು ಹರಿಹರ, ಅವಳು ಲೋಕಿಕೆರೆ. ಗಿರಿಜಾ ಪಂಚೆಯನ್ನು ತಂದು ಸಾಬರ ಮುಂದೆ ಹಾಸಿದಳು.

"ಭಟ್ಟಿ ಐತಲ್ಲಮ್ಮ, ಒಂದೀಟು ಮಸಿ ಬರ್ತೈತೆ" ಎಂದರು ಸಾಬರು.

"ನಂಗೇನಿಲ್ಲ ಬಿಡ್ರಿ ಅಣ್ಣಾರೆ. ಇವ್ರು ದಿನಾ ಬಿಳೇದು ಉಡೋರು. ಹೆಂಗ್ ಕುಂತಾರೆ ನೋಡ್ರಿ."

ನಾನು ದಿನವೂ ಹಾಕುವುದು ಖಾಕಿ ಬಣ್ಣದ ಪ್ಯಾಂಟು. ಅದನ್ನು ಹೇಳುವುದು ಬಿಟ್ಟು ಮಸಿಯನ್ನೇ ನೋಡುತ್ತಾ ಕೂತೆ. ಸಾಬರು ನನ್ನನ್ನು ಬಹಳ ಹೊತ್ತು ನೋಡಿ ನಿಟ್ಟುಸಿರಿಟ್ಟರು.

"ಸಾಹೇಬ್ರ ಮಾರಿ ನೋಡಾಕಾಗವಲ್ದು. ಹೋಗ್ಲಿ, ನೀವು ಕೇಳಿದ್ದಕ್ಕೇ ತಗಳ್ರಿ."

ಹರಿಹರದ ರೈಲು ಹೊರಡುವವರೆಗೂ ಗಿರಿಜಾ ತುಟಿ ಬಿಗಿಹಿಡಿದಿದ್ದಳು. ಆಮೇಲೆ ಎದುರಿನವರು ಜಾಗ ಬದಲಿಸುವಷ್ಟು ನಕ್ಕಳು.

"ನೊರೆ ನೋಡಿದ್ರೇನು? ಮೊಣಕೈ ಮಟ ಬಂತು. ಸಿಹಿನೀರು ರೀ ಅದು. ಈ ಬ್ಯಾಸಿಗ್ಯಾಗ ಅಷ್ಟು ಸೇದಿದ್ರೂ ಬಾವಿ ಒಂದು ಗೇಣು ಇಳೀಲಿಲ್ಲ. ಮಸಿ ಬೀಳ್ಲಿ ಬಿಡ್ರಿ, ತೊಳೆಯಾಕ ಅಂಥಾ ನೀರೈತೆ."

ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನೀವು ಅಲ್ಲೇ ನಗ್ತಿದ್ರಿ. ಮನಿ ತುಟ್ಟಿ ಆಗ್ತಿತ್ತು."

ಇಷ್ಟೆಲ್ಲ ಒಂದೇ ಮಧ್ಯಾಹ್ನ ನಡೆದಂತೆ ಬರೆದಿದ್ದೇನೆ. ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದರೆ ನನಗೆ ಅದರ ಮೇಲೆ ಅನುಮಾನ. ಬೆಲೆ ಇಳಿದದ್ದು ಮಾರನೆಯ ವಾರ ಎಂದು ಗಿರಿಜಾ ಹೇಳುತ್ತಾಳೆ. ಒಗೆದದ್ದು ಪಂಚೆಯಲ್ಲ, ದಿಂಬಿನ ಚೀಲ ಎಂತಲೂ. ಕಚೇರಿಯಲ್ಲಿ ನಾನು ಹೇಳುವ ಕತೆಯಲ್ಲಂತೂ ಪಂಚೆ ಒಗೆಯುವ ಉಪಾಯ ನನ್ನದೇ. ನನ್ನ ಮುಖದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ತಕರಾರಿಲ್ಲ. ಅಂಥ ಮುಖವನ್ನು ನಟಿಸಿ ತರುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ನೋಂದಣಿಯ ದಿನ ಕೊಂಡವರ ಜಾಗದಲ್ಲಿ ಗಿರಿಜಾ ಸಹಿ ಹಾಕಿದಳು. ಮನೆ ಅವಳ ಹೆಸರಿಗೇ ಆಗಲಿ ಎಂದದ್ದು ನಾನು, ಅಥವಾ ಸಾಬರು. ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದರು. ಗುಮಾಸ್ತರು ನನ್ನನ್ನು ಕರೆದು, ವ್ಯವಹಾರವೆಲ್ಲ ನಿಮ್ಮ ಎದುರಿಗೇ ನಡೆಯಿತಲ್ಲವೇ ಎಂದು ಕೇಳಿದರು. ನಡೆಯುತ್ತಿದ್ದಾಗ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆ ಕೂತಿದ್ದವನು ನಾನೊಬ್ಬನೇ. ಹೌದು ಎಂದು ಹೇಳಿ, ಸಾಕ್ಷಿಯ ಜಾಗದಲ್ಲಿ ದಪ್ಪಗೆ, ಪೂರ್ತಿ ಹೆಸರು ಬರೆದೆ.